ಅಲರ್ಜಿ ಮಾತ್ರೆ ನುಂಗುವ ಮೊದಲು ಸ್ಟ್ರಿಪ್ಪಿನ ಹಿಂದೆ ಓದಿ: ಹಂತ ಹಂತದ ಮಾರ್ಗದರ್ಶಿ

ನಾನು ಶಿರಸಿಯಲ್ಲಿ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುವವನು. ಅದಕ್ಕೂ ಮೊದಲು ಕಾರವಾರದಲ್ಲಿ ಇದೇ ಕೆಲಸ ಮಾಡಿದ್ದೇನೆ. ಘಟ್ಟದ ಮೇಲೂ ಅಷ್ಟೇ, ಕೆಳಗೂ ಅಷ್ಟೇ, ಮಳೆ ಹಿಡಿದು ಗೋಡೆಗೆ ಬೂಷ್ಟು ಬಂದರೆ ಸಾಕು, "ಒಂದು ಅಲರ್ಜಿ ಮಾತ್ರೆ ಕೊಡಿ" ಅನ್ನುವವರ ಸಾಲು ಶುರು. ಅಡಿಕೆ ಸುಲಿಯುವ ಕಾಲದ ಧೂಳಿಗೆ ಇನ್ನೊಂದು ಸಲ.

ಬೇಸರ ಆಗುವುದು ಏನಂದರೆ, ಪ್ರತಿ ವರ್ಷ ಅವೇ ತಪ್ಪುಗಳು. ಹೋದ ಮಳೆಗಾಲದಲ್ಲಿ ಒಬ್ಬರು ವಯಸ್ಸಾದ ಅಮ್ಮ ಬಂದು, "ತಮಾ, ಮೊನ್ನೆ ಕೊಟ್ಟ ಬಿಳೀ ಗುಳಿಗೆನೇ ಕೊಡು" ಅಂದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ಬಿಡಿಸಿ ನೋಡಿದರೆ ಕತ್ತರಿಸಿದ ಮೂರು ಸ್ಟ್ರಿಪ್ ತುಂಡು. ಒಂದರಲ್ಲಿ "...ರಿಜಿನ್" ಅಂತ ಅರ್ಧ ಹೆಸರು, ಇನ್ನೊಂದರಲ್ಲಿ ಕಂಪನಿಯ ಹೆಸರು ಮಾತ್ರ, ಮೂರನೆಯದರಲ್ಲಿ ಏನೂ ಇಲ್ಲ. ಮಾತ್ರೆಯ ಆಕಾರ ನೋಡಿ, ಅವರ ಹಳೇ ಚೀಟಿ ತರಿಸಿ ತಾಳೆ ಹಾಕಿದಾಗ ಗೊತ್ತಾಯಿತು, ಮೂರರಲ್ಲೂ ಒಂದೇ ಜಾತಿಯ ಔಷಧಿ. ಒಂದು ತುರಿಕೆಗೆ, ಒಂದು ಶೀತಕ್ಕೆ, ಒಂದು ಕೆಮ್ಮಿಗೆ ಅಂತ ಮೂರನ್ನೂ ದಿನಾ ನುಂಗುತ್ತಿದ್ದರು. ತಲೆ ತಿರುಗುತ್ತದೆ ಅಂತ ಬಿಪಿ ನೋಡಿಸಲು ಹೊರಟಿದ್ದರು.

ಹಾಗಾಗಿ ಇದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಇದು ಡಾಕ್ಟರಿಗೆ ಬದಲಿ ಅಲ್ಲ. ಅವರು ಬರೆದುಕೊಟ್ಟದ್ದು ಬೇರೆ ಇದ್ದರೆ ಅದನ್ನೇ ಅನುಸರಿಸಿ.

ಶುರು ಮಾಡುವ ಮೊದಲು ಕೈಗೆ ಬೇಕಾದ್ದು

ಹೆಸರು ಪೂರ್ತಿ ಕಾಣುವ ಸ್ಟ್ರಿಪ್, ನೀವು ದಿನಾ ನುಂಗುವ ಬೇರೆ ಮಾತ್ರೆಗಳೆಲ್ಲ, ಒಂದು ಪೆನ್ನು, ಒಂದು ಲೋಟ ನೀರು. ಮಕ್ಕಳಿಗಾದರೆ ಬಾಟಲಿ ಜೊತೆ ಬಂದ ಅಳತೆ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್. ಇಷ್ಟೇ.

ಹಂತ 1: ಇದು ನಿಜವಾಗಲೂ ಅಲರ್ಜಿಯಾ?

ಸಾಲಾಗಿ ಹತ್ತಾರು ಶೀನು, ನೀರಿನ ಹಾಗೆ ಸೋರುವ ಮೂಗು, ಕಣ್ಣು ಮತ್ತು ಅಂಗುಳಿನಲ್ಲಿ ತುರಿಕೆ, ಮೈಮೇಲೆ ಎದ್ದು ಕೆಲವು ಗಂಟೆಯಲ್ಲಿ ಜಾಗ ಬದಲಿಸುವ ಗಂದೆ. ಇವು ಅಲರ್ಜಿಯ ಗುರುತು. ಆಂಟಿಹಿಸ್ಟಮಿನ್ ಮಾತ್ರೆ, ಅಂದರೆ ನಾವು ಅಲರ್ಜಿ ಮಾತ್ರೆ ಅನ್ನುವುದು, ಚೆನ್ನಾಗಿ ಕೆಲಸ ಮಾಡುವುದು ಇವುಗಳ ಮೇಲೆ. ಕಟ್ಟಿದ ಮೂಗಿನ ಮೇಲೆ ಅದಕ್ಕೆ ಅಷ್ಟು ಹಿಡಿತ ಇಲ್ಲ. ಅದಕ್ಕೆ ಡಾಕ್ಟರು ಸಾಮಾನ್ಯವಾಗಿ ಮೂಗಿನ ಸ್ಟಿರಾಯ್ಡ್ ಸ್ಪ್ರೇ ಬರೆಯುತ್ತಾರೆ. "ಮೂಗು ಬಿಡಲಿಲ್ಲ" ಅಂತ ಇನ್ನೊಂದು ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆಯೇ ಹೊರತು ಮೂಗು ಬಿಡುವುದಿಲ್ಲ.

ಜ್ವರ ಇದ್ದರೆ ಅಲರ್ಜಿ ಅಂದುಕೊಳ್ಳಬೇಡಿ. ಅದರಲ್ಲೂ ಡಿಸೆಂಬರಿನಿಂದ ಮೇ ತನಕ, ಸಿದ್ದಾಪುರದ ಕಡೆಯ ಕಾಡಂಚಿನ ಊರಿನವರಿಗೆ ಜ್ವರ, ಮೈಕೈ ನೋವು ಬಂದರೆ ಮಂಗನ ಕಾಯಿಲೆ ಇರಬಹುದು. ಆಗ ನೇರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಮಳೆಗಾಲದಲ್ಲಿ ತೊಡೆ ಸಂದಿಯಲ್ಲಿ ಉಂಗುರದ ಹಾಗೆ ಹರಡುವ ತುರಿಕೆ ಫಂಗಸ್ಸು. ರಾತ್ರಿ ಹೊತ್ತು ಮನೆಮಂದಿಗೆಲ್ಲ ತುರಿಕೆ ಅಂದರೆ ಕಜ್ಜಿ. ಎರಡಕ್ಕೂ ಅಲರ್ಜಿ ಮಾತ್ರೆ ಒಂದು ರಾತ್ರಿಯ ಸಮಾಧಾನ ಕೊಟ್ಟೀತು, ಕಾಯಿಲೆ ಒಳಗೊಳಗೇ ಬೆಳೆಯುತ್ತದೆ.

ಕರಾವಳಿಯವರಿಗೆ ಇನ್ನೊಂದು ಮಾತು. ಬಂಗಡೆಯಂಥ ಮೀನನ್ನು ಹಿಡಿದ ಮೇಲೆ ಐಸಿನಲ್ಲಿ ಸರಿಯಾಗಿ ಇಡದಿದ್ದರೆ ಅದರಲ್ಲೇ ಹಿಸ್ಟಮಿನ್, ಅಂದರೆ ಅಲರ್ಜಿ ಆದಾಗ ನಮ್ಮ ಮೈಯಲ್ಲಿ ತುರಿಕೆ ತರುವ ವಸ್ತು, ತಯಾರಾಗುತ್ತದೆ. ಎಷ್ಟು ಕುದಿಸಿದರೂ, ಹುರಿದರೂ ಹೋಗುವುದಿಲ್ಲ. ತಿಂದ ಒಂದು ಗಂಟೆಯೊಳಗೆ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ. ಅದೇ ಸಾರು ತಿಂದ ನಾಲ್ಕು ಜನಕ್ಕೂ ಹೀಗಾದರೆ ಅದು ಮೀನಿನ ಅಲರ್ಜಿ ಅಲ್ಲ, ಕೆಟ್ಟ ಮೀನಿನ ವಿಷ. ಮಾತ್ರೆಯಿಂದ ಆರಾಮ ಸಿಗುತ್ತದೆ ನಿಜ, ಆದರೂ ಡಾಕ್ಟರಿಗೆ ತೋರಿಸಿ. ಜೀವನಪೂರ್ತಿ ಬಂಗಡೆ ಬಿಡಬೇಕಾ ಬೇಡವಾ ಅಂತ ಅವರು ಹೇಳುತ್ತಾರೆ.

ಹಂತ 2: ಈ ಲಕ್ಷಣ ಇದ್ದರೆ ಮಾತ್ರೆ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ

ಎಲ್ಲರೂ ಇದನ್ನು ಕೊನೆಗೆ ಬರೆಯುತ್ತಾರೆ, ಓದುವವರು ಅಲ್ಲಿ ತನಕ ಬರುವುದಿಲ್ಲ. ಅದಕ್ಕೇ ಎರಡನೇ ಹಂತಕ್ಕೆ ತಂದಿದ್ದೇನೆ.

ಕಣಜ ಹೊಡೆದ ಮೇಲೆ, ಸಿಗಡಿ ಅಥವಾ ಏಡಿ ತಿಂದ ಮೇಲೆ, ಇಂಜೆಕ್ಷನ್ ಅಥವಾ ನೋವಿನ ಮಾತ್ರೆ ತೆಗೆದುಕೊಂಡ ಮೇಲೆ ಉಸಿರು ಕಟ್ಟುವುದು, ಎದೆಯಲ್ಲಿ ಸುಂಯ್ ಅನ್ನುವುದು, ದನಿ ಬದಲಾಗುವುದು, ಗಂಟಲು ಬಿಗಿಯುವುದು, ನಾಲಿಗೆ ದಪ್ಪ ಆಗುವುದು, ಕಣ್ಣು ಕತ್ತಲೆ ಬಂದು ಕುಸಿಯುವುದು, ಗಂದೆಯ ಜೊತೆ ಮೇಲಿಂದ ಮೇಲೆ ವಾಂತಿ. ಇದರಲ್ಲಿ ಯಾವುದು ಕಂಡರೂ ಅದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಅಲರ್ಜಿ ಇರಬಹುದು. ಅದಕ್ಕೆ ಮದ್ದು ತೊಡೆಗೆ ಚುಚ್ಚುವ ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ತುರಿಕೆ ಇಳಿಸುತ್ತದೆ ಅಷ್ಟೇ. ಅದು ಉಸಿರಿನ ದಾರಿ ಬಿಡಿಸುವುದಿಲ್ಲ, ಬಿದ್ದ ಬಿಪಿ ಎತ್ತುವುದಿಲ್ಲ, ಕೆಲಸ ಶುರು ಮಾಡಲಿಕ್ಕೇ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. "ಮಾತ್ರೆ ಕೊಟ್ಟಿದ್ದೇವೆ, ಸ್ವಲ್ಪ ಹೊತ್ತು ನೋಡುವಾ" ಅನ್ನುವುದೇ ಇಲ್ಲಿ ದೊಡ್ಡ ತಪ್ಪು. ನಮ್ಮ ಒಳಹಳ್ಳಿಗಳಿಂದ ಆಸ್ಪತ್ರೆಗೆ ಬರುವ ದಾರಿ ಎಷ್ಟು ಉದ್ದ ಅಂತ ನಿಮಗೇ ಗೊತ್ತು, ಅಲ್ವಾ? ಆ ಅರ್ಧ ಗಂಟೆ ಕಳೆಯಬೇಡಿ.

ಆಂಬುಲೆನ್ಸ್ ಬರುವ ತನಕ ನೆಲಕ್ಕೆ ಮಲಗಿಸಿ, ಕಾಲು ಎತ್ತರಕ್ಕೆ ಇಡಿ. ಉಸಿರಾಟ ಕಷ್ಟ ಇದ್ದರೆ ಒರಗಿಸಿ ಕೂರಿಸಿ, ವಾಂತಿ ಬರುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ. ಎಬ್ಬಿಸಿ ನಡೆಸಬೇಡಿ. ಗಂಟಲು ಬಿಗಿದಿರುವಾಗ ನೀರು, ಕಷಾಯ ಏನೂ ಕುಡಿಸಬೇಡಿ. ಬೋಟಿನಲ್ಲಿದ್ದರೆ ಕೋಸ್ಟ್ ಗಾರ್ಡ್ ನಂಬರ್ 1554. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಸರಿಯಾದ ಮೇಲೂ ಕೆಲವು ಗಂಟೆ ಅಲ್ಲೇ ಇರಿ ಅನ್ನುತ್ತಾರೆ. ಅದೇ ತೊಂದರೆ ಎರಡನೇ ಸಲ ಏಳುವುದುಂಟು, ಅವಸರ ಮಾಡಿ ಮನೆಗೆ ಬರಬೇಡಿ.

ಒಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ರಾಮಿಪ್ರಿಲ್, ಎನಾಲಪ್ರಿಲ್ ಥರದ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಗಂದೆ, ತುರಿಕೆ ಏನೂ ಇಲ್ಲದೆ ತುಟಿ, ನಾಲಿಗೆ ಮಾತ್ರ ಊದಿಕೊಳ್ಳಬಹುದು. ಎಷ್ಟೋ ತಿಂಗಳಿಂದ ನುಂಗುತ್ತಿದ್ದರೂ ಹೀಗಾಗಬಹುದು. ಆ ಊತಕ್ಕೆ ಅಲರ್ಜಿ ಮಾತ್ರೆ ಕೆಲಸ ಮಾಡುವುದಿಲ್ಲ. ತಕ್ಷಣ ಆಸ್ಪತ್ರೆಗೆ ಹೋಗಿ, ಬಿಪಿ ಮಾತ್ರೆಯ ಸ್ಟ್ರಿಪ್ ಜೊತೆಗೇ ಒಯ್ಯಿರಿ.

ಹಂತ 3: ಸ್ಟ್ರಿಪ್ ತಿರುಗಿಸಿ, ಸಣ್ಣ ಅಕ್ಷರ ಓದಿ

ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣದಾಗಿ ಇರುವುದೇ ಔಷಧಿಯ ಹೆಸರು. ನಿಮಗೆ ಬೇಕಾದ್ದು ಅದು. ಓದಲು ಆಗದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ, ಅಥವಾ ನಮ್ಮನ್ನೇ ಕೇಳಿ.

ಹಳೇ ತಲೆಮಾರಿನವು: ಕ್ಲೋರ್‌ಫೆನಿರಮಿನ್, ಫೆನಿರಮಿನ್, ಹೈಡ್ರಾಕ್ಸಿಜಿನ್, ಪ್ರೊಮೆಥಜಿನ್, ಡೈಫೆನ್‌ಹೈಡ್ರಮಿನ್. ಇವು ಮೆದುಳಿಗೆ ಇಳಿಯುತ್ತವೆ, ಮಂಪರು ಜಾಸ್ತಿ, ಬಾಯಿ ಒಣಗುತ್ತದೆ. ಹೊಸ ತಲೆಮಾರಿನವು: ಸೆಟಿರಿಜಿನ್, ಲಿವೊಸೆಟಿರಿಜಿನ್, ಲೊರಟಡಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್. ಮಾಮೂಲಿ ಅಲರ್ಜಿಗೆ ಈ ಹೊಸದರಲ್ಲಿ ಒಂದು ಸಾಕು. ಒಂದೇ ಸಾಕು, ಎರಡು ಬೇಡ.

ಎಡವುವುದು ಎಲ್ಲಿ ಅಂದರೆ, ಶೀತದ ಮಾತ್ರೆಯ ಒಳಗೂ ಇದೇ ಇರುತ್ತದೆ. ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್ ಮೂರೂ ಸೇರಿಸಿದ ಮಾತ್ರೆ ಎಲ್ಲ ಕಡೆ ಸಿಗುತ್ತದೆ. ಎಷ್ಟೋ ಕೆಮ್ಮಿನ ಸಿರಪ್ಪಿನಲ್ಲೂ ಕ್ಲೋರ್‌ಫೆನಿರಮಿನ್ ಇರುತ್ತದೆ. ಬೆಳಿಗ್ಗೆ ಸೆಟಿರಿಜಿನ್, ಮಧ್ಯಾಹ್ನ ಶೀತದ ಮಾತ್ರೆ, ರಾತ್ರಿ ಕೆಮ್ಮಿನ ಸಿರಪ್ ಅಂದರೆ ಒಂದೇ ದಿನ ಮೂರು ಅಲರ್ಜಿ ಔಷಧಿ ಆಯಿತು. ಮೇಲೆ ಹೇಳಿದ ಅಮ್ಮನಿಗೆ ಆಗಿದ್ದು ಇದೇ.

ಹೆಸರಿನ ಕೊನೆಗೆ "ಎಲ್‌ಸಿ" ಅಂತ ಇರುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಲಿವೊಸೆಟಿರಿಜಿನ್ ಜೊತೆ ಮಾಂಟೆಲುಕಾಸ್ಟ್ ಅನ್ನುವ ಇನ್ನೊಂದು ಔಷಧಿ ಸೇರಿರುತ್ತದೆ. ಸಂಬಂಧಿಕರಿಗೆ ಬರೆದದ್ದನ್ನು ತಂದು ತೋರಿಸಿ "ಇದೇ ಕೊಡಿ" ಅನ್ನುವವರು ತುಂಬ ಜನ. ಮಾಂಟೆಲುಕಾಸ್ಟಿನಿಂದ ಕೆಲವರಲ್ಲಿ ಕೆಟ್ಟ ಕನಸು, ಸಿಟ್ಟು, ಖಿನ್ನತೆ, ಸಾಯುವ ಯೋಚನೆ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಅತ್ಯಂತ ಗಟ್ಟಿ ಎಚ್ಚರಿಕೆ ಹಾಕಿಸಿದೆ. ಶೀನಿಗೆ ಅಂತ ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಬೇಡಿ.

ಹಂತ 4: ನಿಮ್ಮ ಕೆಲಸ, ವಯಸ್ಸು, ಕಾಯಿಲೆ ಲೆಕ್ಕಕ್ಕೆ ತನ್ನಿ

ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು, ಔಷಧಿ ಹೊಡೆಯುವವರು, ಬೋಟಿಗೆ ಹೋಗುವವರು, ದೇವಿಮನೆ ಘಟ್ಟದಲ್ಲಿ ದಿನಾ ಗಾಡಿ ಓಡಿಸುವವರು, ಅಡಿಕೆ ಸುಲಿಯುವ ಮೆಷಿನ್ನಿನ ಮುಂದೆ ಕೂರುವವರು ಹಳೇ ತಲೆಮಾರಿನ ಮಾತ್ರೆ ನುಂಗಿ ಕೆಲಸಕ್ಕೆ ಹೋಗಲೇಬೇಡಿ. ಸೆಟಿರಿಜಿನ್ನಿಗೆ ನಿದ್ದೆ ಬರುವುದಿಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಪರೀಕ್ಷೆಗಳಲ್ಲಿ 10 ಎಂಜಿ ನುಂಗಿದ ನೂರು ಜನರಲ್ಲಿ ಸುಮಾರು 14 ಜನಕ್ಕೆ ಮಂಪರು ಬಂದಿದೆ, ಔಷಧಿಯೇ ಇಲ್ಲದ ಮಾತ್ರೆ ನುಂಗಿದವರಲ್ಲಿ ಅದು ಸುಮಾರು 6. ನೀವು ಆ 14ರಲ್ಲಿ ಒಬ್ಬರಾ ಅಂತ ಮನೆಯಲ್ಲಿ, ರಾತ್ರಿ, ಮಾರನೇ ದಿನ ರಜೆ ಇದ್ದಾಗ ನೋಡಿಕೊಳ್ಳಿ. ಮರದ ಮೇಲೆ ಬೇಡ. ಮಂಪರಿನ ತೊಂದರೆ ಕಡಿಮೆ ಇರುವುದು ಫೆಕ್ಸೊಫೆನಡಿನ್‌ನಲ್ಲಿ. ಇಂಥ ಕೆಲಸದವರು ಅದರ ಬಗ್ಗೆ ಡಾಕ್ಟರನ್ನು ಕೇಳಿ. ಯಾವ ಅಲರ್ಜಿ ಮಾತ್ರೆ ಆದರೂ ಅದರ ಜೊತೆ ಮದ್ಯ ಬೇಡ, ನಿದ್ದೆ ಮಾತ್ರೆಯೂ ಬೇಡ.

ವಯಸ್ಸಾದವರ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಕಾರಣ ಇದೆ. ನಮ್ಮ ಅಪ್ಪಯ್ಯನಿಗೆ ಪ್ರಾಸ್ಟೇಟ್ ದೊಡ್ಡದಾಗಿತ್ತು. ಒಂದು ಆಷಾಢದಲ್ಲಿ ಶೀತ ಅಂದರು, ನಾನೇ ಮೂರೂ ಸೇರಿದ ಮಾತ್ರೆ ತಂದುಕೊಟ್ಟೆ. ಆಗ ಈ ಕೆಲಸಕ್ಕೆ ಹೊಸಬ. ಎರಡನೇ ದಿನ ರಾತ್ರಿ ಮೂತ್ರ ನಿಂತೇ ಹೋಯಿತು. ಕೆಳಹೊಟ್ಟೆ ಮುಟ್ಟಿದರೆ ಕಲ್ಲಿನ ಹಾಗೆ. ಒಂದು ಗಂಟೆಗೊಮ್ಮೆ ಬಚ್ಚಲಿಗೆ ಹೋಗಿ, ಗೋಡೆ ಹಿಡಿದು ನಿಂತು, ಒಂದು ಹನಿಯೂ ಬಾರದೆ ವಾಪಸ್ ಬರುತ್ತಿದ್ದರು. ಬೆಳಗಿನ ಜಾವ ಜೋರು ಮಳೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ನಳಿಕೆ ಹಾಕಿಸಬೇಕಾಯಿತು. ಕ್ಲೋರ್‌ಫೆನಿರಮಿನ್ನಿಗೂ ಫಿನೈಲೆಫ್ರಿನ್ನಿಗೂ ಮೂತ್ರ ಕಟ್ಟಿಸುವ ಗುಣ ಇದೆ. ಅವತ್ತಿನಿಂದ ಅರವತ್ತು ದಾಟಿದ ಗಂಡಸರು ಶೀತದ ಮಾತ್ರೆ ಕೇಳಿದರೆ, ಮೂತ್ರ ಸಲೀಸಾಗಿ ಹೋಗುತ್ತದಾ ಅಂತ ಕೇಳದೆ ನಾನು ಕೊಡುವುದಿಲ್ಲ. ಅವರಿಗೆ ಮುಜುಗರ ಆದರೂ ಕೇಳುತ್ತೇನೆ.

ಹಳೇ ತಲೆಮಾರಿನ ಮಾತ್ರೆಗಳು ವಯಸ್ಸಾದವರಲ್ಲಿ ಗಲಿಬಿಲಿ ತರುತ್ತವೆ, ರಾತ್ರಿ ಎದ್ದಾಗ ಬೀಳಿಸುತ್ತವೆ. ಒಂದು ಬಗೆಯ ಗ್ಲಾಕೋಮಾ ಇದ್ದವರಿಗೆ ಕಣ್ಣಿನ ಒತ್ತಡ ಏರಿಸುತ್ತವೆ. ಫಿನೈಲೆಫ್ರಿನ್ ಸೇರಿದ್ದರೆ ಬಿಪಿ ಏರಬಹುದು.

ಕಿಡ್ನಿ ತೊಂದರೆ ಇದ್ದವರಿಗೆ ಸೆಟಿರಿಜಿನ್, ಲಿವೊಸೆಟಿರಿಜಿನ್ ಮೈಯಿಂದ ಬೇಗ ಹೊರಹೋಗುವುದಿಲ್ಲ, ಡೋಸು ಇಳಿಸಬೇಕು ಅಥವಾ ಬಿಡಬೇಕು. ಅದನ್ನು ಡಾಕ್ಟರೇ ಹೇಳಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಸಹ ಕೇಳಿಯೇ ತೆಗೆದುಕೊಳ್ಳಿ. ಸೆಟಿರಿಜಿನ್, ಲೊರಟಡಿನ್ ಬಗ್ಗೆ ಡಾಕ್ಟರುಗಳಿಗೆ ಒಳ್ಳೆಯ ಅನುಭವ ಇದೆ. ಹಳೇ ತಲೆಮಾರಿನ ಮಾತ್ರೆಗಳಿಂದ ಹಾಲು ಕುಡಿಯುವ ಮಗುವಿಗೂ ಮಂಪರು ಬರಬಹುದು.

ಹಂತ 5: ಎಷ್ಟು, ಯಾವಾಗ, ಯಾವುದರ ಜೊತೆ

ಆರೋಗ್ಯವಂತ ದೊಡ್ಡವರಿಗೆ ಮಾಮೂಲಿ ಡೋಸು ಹೀಗೆ. ಸೆಟಿರಿಜಿನ್ 10 ಎಂಜಿ, ಲಿವೊಸೆಟಿರಿಜಿನ್ 5 ಎಂಜಿ, ಲೊರಟಡಿನ್ 10 ಎಂಜಿ, ಬಿಲಾಸ್ಟಿನ್ 20 ಎಂಜಿ. ಫೆಕ್ಸೊಫೆನಡಿನ್ ಮೂಗಿನ ಅಲರ್ಜಿಗೆ 120, ಗಂದೆಗೆ 180 ಎಂಜಿ. ಎಲ್ಲವೂ 24 ಗಂಟೆಗೆ ಒಂದೇ ಸಲ. "ಬೆಳಿಗ್ಗೆ ಒಂದು, ರಾತ್ರಿ ಒಂದು" ಅನ್ನುವುದು ಜ್ವರದ ಮಾತ್ರೆಯಿಂದ ಬಂದ ಅಭ್ಯಾಸ. ಹಳೇ ಗಂದೆಗೆ ಡಾಕ್ಟರು ಕೆಲವೊಮ್ಮೆ ಡೋಸು ಏರಿಸುತ್ತಾರೆ. ಪಕ್ಕದ ಮನೆಯವರಿಗೆ ಹಾಗೆ ಬರೆದಿದ್ದಾರೆ ಅಂತ ನೀವು ಮಾಡಬೇಡಿ.

ಸೆಟಿರಿಜಿನ್ ಊಟಕ್ಕೆ ಮೊದಲೂ ಆಗುತ್ತದೆ, ನಂತರವೂ ಆಗುತ್ತದೆ. ರಾತ್ರಿ ನುಂಗುವುದು ಒಳ್ಳೆಯದು. ಬಿಲಾಸ್ಟಿನ್ ಹಾಗಲ್ಲ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ, ಖಾಲಿ ಹೊಟ್ಟೆಗೇ ಆಗಬೇಕು. ಬಿಲಾಸ್ಟಿನ್, ಫೆಕ್ಸೊಫೆನಡಿನ್ ಎರಡನ್ನೂ ಹಣ್ಣಿನ ಜ್ಯೂಸಿನ ಜೊತೆ ನುಂಗಿದರೆ ಔಷಧಿ ಮೈಗೆ ಹತ್ತುವುದೇ ಕಡಿಮೆಯಾಗುತ್ತದೆ. ಬರೀ ನೀರು ಸಾಕು. ಎದೆಯುರಿಗೆ ಕುಡಿಯುವ ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್‌ಗೂ ಫೆಕ್ಸೊಫೆನಡಿನ್‌ಗೂ ನಡುವೆ ಎರಡು ಗಂಟೆ ಬಿಡಿ. "ಆ ದುಬಾರಿ ಮಾತ್ರೆ ಕೆಲಸ ಮಾಡಲಿಲ್ಲ" ಅಂದವರನ್ನು ವಿಚಾರಿಸಿದರೆ ಎಷ್ಟೋ ಸಲ ಕಾರಣ ಇದೇ ಇರುತ್ತದೆ.

ಒಂದು ಡೋಸು ಮರೆತರೆ ನೆನಪಾದಾಗ ನುಂಗಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡು ಸೇರಿಸಬೇಡಿ. ನುಂಗಿದ ತಕ್ಷಣ ಸ್ಟ್ರಿಪ್ಪಿನ ಆ ಗುಳಿಯ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ. ಮರೆವು ಇರುವ ಹಿರಿಯರ ಮನೆಯಲ್ಲಿ ಇದು ತುಂಬ ಉಪಯೋಗ.

ಗಂದೆ ಎದ್ದಾಗ ಮುರುಗಲ ಹಣ್ಣಿನ ರಸ ಹಚ್ಚುವ ರೂಢಿ ನಮ್ಮಲ್ಲಿ ಇದೆ. ಗಾಯ ಇಲ್ಲದ ಚರ್ಮಕ್ಕೆ ಹಚ್ಚಿಕೊಳ್ಳಿ, ನನ್ನ ತಕರಾರು ಇಲ್ಲ. ಆದರೆ ಹಂತ 2ರ ಲಕ್ಷಣ ಕಂಡಾಗ ಮುರುಗಲು ಹುಡುಕುತ್ತ ಕೂರಬೇಡಿ.

ಹಂತ 6: ಮಕ್ಕಳಿಗೆ ಕೊಡುವಾಗ

ಎರಡು ವರ್ಷದ ಒಳಗಿನ ಮಗುವಿಗೆ ಡಾಕ್ಟರು ಹೇಳದೆ ಏನೂ ಕೊಡಬೇಡಿ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಸೇರಿದ ಔಷಧಿಯನ್ನು ನಾಲ್ಕು ವರ್ಷದ ಒಳಗಿನವರಿಗೆ ಬಳಸಬಾರದು ಅಂತ ಲೇಬಲ್ ಮೇಲೆ ಹಾಕಲು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ. ಮನೆಯಲ್ಲಿ ಹಳೇ ಬಾಟಲಿ ಇದ್ದರೆ ಇವತ್ತೇ ತೆಗೆದು ನೋಡಿ.

ಅಳತೆಯಲ್ಲಿ ತಪ್ಪುವುದು ಅಡುಗೆಮನೆ ಚಮಚದಿಂದ. ಒಂದೊಂದು ಮನೆಯ ಚಮಚ ಒಂದೊಂದು ಗಾತ್ರ. ಸೆಟಿರಿಜಿನ್ ಸಿರಪ್ಪಿನ ಮೇಲೆ 5 ಎಂಎಲ್‌ಗೆ 5 ಎಂಜಿ ಅಂತ ಇದ್ದರೆ, ಡಾಕ್ಟರು 2.5 ಎಂಜಿ ಅಂದಾಗ ಕೊಡಬೇಕಾದ್ದು 2.5 ಎಂಎಲ್. ಡ್ರಾಪ್ಸ್ ಬೇರೆ, ಸಿರಪ್ ಬೇರೆ, ಒಂದರ ಅಳತೆ ಇನ್ನೊಂದಕ್ಕೆ ಬರುವುದಿಲ್ಲ. ಬಸ್ಸಿನಲ್ಲಿ ಮಗು ಗಲಾಟೆ ಮಾಡದೆ ಮಲಗಲಿ ಅಂತ ಅಲರ್ಜಿ ಸಿರಪ್ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡೋಸು ಜಾಸ್ತಿಯಾದರೆ ಮಗು ಎಬ್ಬಿಸಿದರೂ ಏಳದ ಹಾಗೆ ಮಲಗಬಹುದು, ಇಲ್ಲವೇ ಉಲ್ಟಾ ಕೆರಳಿ ಹಾರಾಡಬಹುದು, ಫಿಟ್ಸ್ ಕೂಡ ಬರಬಹುದು. ಆಗ 108, ಬಾಟಲಿ ಜೊತೆಗೆ.

ಹಂತ 7: ಎಷ್ಟು ದಿನ, ನಿಲ್ಲಿಸುವುದು ಹೇಗೆ

ಒಂದು ವಾರ ನುಂಗಿದರೂ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ. ಗಂದೆ ಆರು ವಾರ ದಾಟಿದರೆ ಅದರ ಲೆಕ್ಕಾಚಾರವೇ ಬೇರೆ. ರಾತ್ರಿ ಕೆಮ್ಮು, ಎದೆಯಲ್ಲಿ ಸಿಳ್ಳೆ ಸದ್ದು ಇದ್ದರೆ ಅಸ್ತಮಾ ಇರಬಹುದು, ಇನ್‌ಹೇಲರ್ ಬೇಕಾಗಬಹುದು.

ತಿಂಗಳುಗಟ್ಟಲೆ ದಿನಾ ಸೆಟಿರಿಜಿನ್ ಅಥವಾ ಲಿವೊಸೆಟಿರಿಜಿನ್ ನುಂಗಿದವರು ಒಮ್ಮೆಲೇ ನಿಲ್ಲಿಸಿದಾಗ, ಅಪರೂಪಕ್ಕೆ, ಕೆಲವು ದಿನದೊಳಗೆ ಮೈಯೆಲ್ಲ ವಿಪರೀತ ತುರಿಕೆ ಬರುತ್ತದೆ. ಎಫ್‌ಡಿಎ 2025ರ ಮೇ ತಿಂಗಳಲ್ಲಿ ಇದರ ಬಗ್ಗೆ ಎಚ್ಚರಿಸಿದೆ. ಅಲರ್ಜಿಯೇ ವಾಪಸ್ ಬಂತು ಅಂತ ತಿಳಿದು ಮತ್ತೆ ವರ್ಷಗಟ್ಟಲೆ ಮುಂದುವರಿಸುವ ಮೊದಲು ಡಾಕ್ಟರಿಗೆ ಹೇಳಿ, ನಿಧಾನ ಇಳಿಸುವ ದಾರಿ ಅವರು ತೋರಿಸುತ್ತಾರೆ.

ಮಣಿಪಾಲ, ಹುಬ್ಬಳ್ಳಿ ಕಡೆ ಚರ್ಮದ ಅಲರ್ಜಿ ಟೆಸ್ಟಿಗೆ ಹೋಗುವವರು ಎಷ್ಟು ದಿನ ಮೊದಲು ಮಾತ್ರೆ ನಿಲ್ಲಿಸಬೇಕು ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಸಾಮಾನ್ಯವಾಗಿ ಒಂದು ವಾರದ ಹತ್ತಿರ. ಹಿಂದಿನ ರಾತ್ರಿ ಮಾತ್ರೆ ನುಂಗಿ ಹೋದರೆ ಟೆಸ್ಟಿನಲ್ಲಿ ಏನೂ ಏಳುವುದಿಲ್ಲ, ಅಷ್ಟು ದೂರ ಹೋದದ್ದು ದಂಡ.

ಹಂತ 8: ಮಳೆಗಾಲದಲ್ಲಿ ಇಟ್ಟುಕೊಳ್ಳುವುದು

ಬಚ್ಚಲ ಗೂಡಿನಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ ಬೇಡ. ಮಾತ್ರೆ ಬಿಡಿಸಿ ಡಬ್ಬಿಗೆ ಹಾಕಿಡಬೇಡಿ, ನಮ್ಮ ಥಂಡಿಗೆ ಎರಡೇ ದಿನದಲ್ಲಿ ಮೆತ್ತಗಾಗುತ್ತವೆ. ಬಿಡಿ ಮಾತ್ರೆ ಕೇಳುವಾಗ ಹೆಸರು, ಎಂಜಿ, ಎಕ್ಸ್‌ಪೈರಿ ತಾರೀಖು ಇರುವ ಕಡೆಯಿಂದ ಕತ್ತರಿಸಲು ಹೇಳಿ. ಅಷ್ಟೆಲ್ಲ ಒಂದೇ ತುಂಡಿನಲ್ಲಿ ಬರದಿದ್ದರೆ ಅಂಗಡಿಯಲ್ಲೇ ಪೂರ್ತಿ ಸ್ಟ್ರಿಪ್ಪಿನ ಹಿಂಭಾಗದ ಫೋಟೋ ತೆಗೆದುಕೊಳ್ಳಿ. ಆ ಅಮ್ಮನ ಮೊಮ್ಮಗಳು ಈಗ ಹಾಗೇ ಮಾಡುತ್ತಾಳೆ. ಅಂಗಡಿಗೆ ಬಂದರೆ ಮೊದಲು ಮೊಬೈಲ್ ಮುಂದೆ ಹಿಡಿಯುತ್ತಾಳೆ, ಆಮೇಲೆ ಮಾತು.